ಪ್ಲೇಟು ತೊಳೆಯುವ ಕೈಗೆ ಮೀಟರನ್ನೂ ಕೊಡು

ಹೋದ ವಾರ ಮನೆಗೆ ಬಂದಾಗ ನಿನಗೆ ಹೊರಡುವ ಅವಸರ ಮಗಳೇ. ಪಾವಗಡದ ಬಸ್ಸಿನ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತಲೇ ಒಂದು ಮಾತು ಹೇಳಿದೆ. "ಮೇಷ್ಟ್ರೇ, ನಮ್ಮ ಹೋಬಳಿ ಹೆಣ್ಣುಮಕ್ಕಳಿಗೆ ಸೋಲಾರ್ ಕೆಲಸ ಕಲಿಸಬೇಕು ಅಂತಿದ್ದೀನಿ. ಪಂಚಾಯ್ತಿಯವರು ಹಾಲ್ ಕೊಡ್ತಾರಂತೆ. ಬೋರ್ಡು ಬರೆಸಿ ಶುರುಮಾಡಿಬಿಡ್ಲಾ?" ನಾನು ತಲೆಯಾಡಿಸಿದೆ, ನೀನು ಹೊರಟೆ. ಆಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಐಟಿಐಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿದವನು ನಾನು. ಎಲ್ಲಿ ಎಡವುತ್ತೇವೆ ಅನ್ನುವುದು ಎಡವಿದವನಿಗೆ ಗೊತ್ತಿರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೋರ್ಡು ಬರೆಸುವ ಮುಂಚೆ ಇದನ್ನೊಮ್ಮೆ ಓದು.

ನಿಮ್ಮೂರಿನ ಸುತ್ತ ಏನಾಗಿದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಒಮ್ಮೆ ಮೊದಲಿಂದ ನೆನೆಸಿಕೊಳ್ಳೋಣ. ವಳ್ಳೂರು, ತಿರುಮಣಿ, ಬಳಸಮುದ್ರ, ರಾಯಚರ್ಲು, ಕ್ಯಾತಗಾನಚರ್ಲು, ಈ ಐದು ಊರುಗಳ ಸುತ್ತ ಹದಿಮೂರು ಸಾವಿರ ಎಕರೆ ನೆಲ. ಬರಗಾಲ ಬಿಟ್ಟು ಬೇರೇನನ್ನೂ ಸರಿಯಾಗಿ ಬೆಳೆಯದ ನೆಲ ಅಂತ ನಮ್ಮ ಕಡೆಯವರೇ ಆಡಿಕೊಳ್ಳುತ್ತಿದ್ದರು. ಸೌರ ಪಾರ್ಕು ಕಟ್ಟಲು ಅಂತಲೇ ಸರ್ಕಾರ 2015ರಲ್ಲಿ ಒಂದು ನಿಗಮ ಮಾಡಿತು. 2018ರ ಮಾರ್ಚಿ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪಾರ್ಕನ್ನು ಉದ್ಘಾಟಿಸಿದರು. 2019 ಮುಗಿಯುವ ಹೊತ್ತಿಗೆ 2,050 ಮೆಗಾವ್ಯಾಟ್ ಪೂರ್ತಿಯಾಯಿತು. ಶಕ್ತಿ ಸ್ಥಳ ಅಂತ ಹೆಸರಿಟ್ಟರು. ಅದರಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೊಂದಿದೆ. ರೈತರಿಂದ ನೆಲ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಪಹಣಿಯಲ್ಲಿ ಹೆಸರು ರೈತನದ್ದೇ ಉಳಿಯಿತು. ದೇಶದ ಬೇರೆ ಕಡೆಯವರು ಬಂದು ನೋಡಿ ಕಲಿತು ಹೋಗುವಂಥ ವ್ಯವಸ್ಥೆ ಅದು.

ಆದರೆ ಪಹಣಿಯೇ ಇಲ್ಲದವರ ಗತಿ? ಕಡಲೆಕಾಯಿ ಕೀಳಲು, ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದ ಹೆಂಗಸರು, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರು, ಇವರಿಗೆ ಬಾಡಿಗೆ ಬರಲಿಲ್ಲ. ಇದ್ದ ಕೂಲಿ ಹೋಯಿತು. ಅವರಲ್ಲಿ ಕೆಲವರಿಗೆ ಪಾರ್ಕಿನೊಳಗೆ ಕೆಲಸ ಸಿಕ್ಕಿದೆ, ಇಲ್ಲ ಅನ್ನುವುದಿಲ್ಲ. ಗಂಡಸರು ಕಾವಲಿಗೆ. ಹೆಂಗಸರು ಹುಲ್ಲು ಕೊಯ್ಯಲು, ಸೋಲಾರ್ ಪ್ಲೇಟು ತೊಳೆಯಲು. ಇನ್ವರ್ಟರ್ ಕೋಣೆಯ ಬೀಗದ ಕೈ, ಕಂಪ್ಯೂಟರಿನ ಮುಂದಿನ ಕುರ್ಚಿ ಹೆಚ್ಚಾಗಿ ಹೊರಗಿನಿಂದ ಬಂದವರ ಪಾಲು.

ಈಗ ನಾನು ಹೇಳಬೇಕಾದ ಮೊದಲ ಮಾತು. ಪ್ಲೇಟು ತೊಳೆಯುವ ಕೆಲಸವನ್ನು ನೀನು ಹಗುರ ಮಾಡಿ ನೋಡಬೇಡ. ಒಂದು ಹಕ್ಕಿಯ ಹಿಕ್ಕೆ ಒಂದು ಸೆಲ್ಲಿನ ಮೇಲೆ ಬಿದ್ದು ಒಣಗಿತು ಅಂತಿಟ್ಟುಕೋ. ಆ ಸೆಲ್ಲು ಕರೆಂಟು ಹುಟ್ಟಿಸುವ ಬದಲು ಉಳಿದವುಗಳ ಕರೆಂಟನ್ನು ತಡೆದು ತಾನು ಕಾಯತೊಡಗುತ್ತದೆ. ಕಾದು ಕಾದು ಕಂದು ಬಣ್ಣದ ಮಚ್ಚೆಯಾಗುತ್ತದೆ, ಮುಂದೆ ಗಾಜು ಸೀಳುತ್ತದೆ. ಆ ಮಚ್ಚೆಯನ್ನು ಮೊದಲು ನೋಡುವವರು ಯಾರು? ತಿಂಗಳಿಗೊಮ್ಮೆ ಜೀಪಿನಲ್ಲಿ ಬರುವ ಇಂಜಿನಿಯರಲ್ಲ. ದಿನಾ ಬೆಳಗ್ಗೆ ಒರೆಸುವ ಆ ಹೆಣ್ಣುಮಗಳು. ನಡು ಹಗಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಬಾರದು ಅನ್ನುವುದು ಅವಳಿಗೆ ಗೊತ್ತು. ಪಾವಗಡದ ಗಡಸು ನೀರು ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ ಅನ್ನುವುದೂ ಗೊತ್ತು. ಅವಳ ಕಣ್ಣು ಅರ್ಧ ತಪಾಸಣೆಯನ್ನು ಆಗಲೇ ಮಾಡಿ ಮುಗಿಸಿರುತ್ತದೆ. ಉಳಿದರ್ಧಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರು, ಒಂದು ಟಾಂಗ್ ಟೆಸ್ಟರು, ಮೂರು ತಿಂಗಳ ಪಾಠ. ನಮ್ಮಲ್ಲಿ ಆಗದೆ ಉಳಿದಿರುವುದು ಇಷ್ಟೇ. ತೊಳೆಯುವ ಕೈಗೆ ನಾವು ಇನ್ನೂ ಮೀಟರು ಕೊಟ್ಟಿಲ್ಲ.

ಇದು ಹೊಸ ತಪ್ಪೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ ಕೈಗೆತ್ತಿಕೊಂಡ ಕೆಲಸ. ನಮ್ಮ ಪಾಠದಲ್ಲಿ ಅದನ್ನು ಹೆಮ್ಮೆಯಿಂದಲೇ ಹೇಳಿಕೊಡುತ್ತಿದ್ದೆ, ಈಗಲೂ ಹೆಮ್ಮೆಯಿದೆ. ಆದರೆ ಆ ತಂತಿ ಸುಮಾರು 147 ಕಿಲೋಮೀಟರ್ ಓಡಿ ಹೋಗಿ ನಿಂತದ್ದು ಕೋಲಾರದ ಚಿನ್ನದ ಗಣಿಯ ಬಾಯಲ್ಲಿ. ಮೂರು ವರ್ಷ ಕಳೆದು 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಅದಾದ ಮೇಲೂ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ತಲೆಯ ಮೇಲೆ ಕರೆಂಟು, ಕಾಲಡಿಯಲ್ಲಿ ಕತ್ತಲೆ. ನೂರಿಪ್ಪತ್ತು ವರ್ಷ ಕಳೆದ ಮೇಲೂ ಒಂದು ಹೋಬಳಿಯ ಬಿಸಿಲು ರಾಜ್ಯಕ್ಕೆಲ್ಲ ಬೆಳಕಾಗಿ, ಆ ಹೋಬಳಿಯ ಮಕ್ಕಳಿಗೆ ಮಾತ್ರ ಆ ವಿದ್ಯೆ ಬಾರದೆ ಹೋದರೆ ನಾವು ಏನು ಕಲಿತ ಹಾಗಾಯಿತು?

ನೀನು ತರಬೇತಿ ಶುರುಮಾಡುತ್ತೇನೆ ಅಂದಾಗ ನನ್ನ ಹೊಟ್ಟೆ ತಣ್ಣಗಾಯಿತು. ಆದರೆ "ಬೋರ್ಡು ಬರೆಸಿ" ಅಂದೆಯಲ್ಲ, ಅಲ್ಲಿ ನನಗೆ ಭಯ. ನನ್ನ ಅನುಭವ ಹೇಳುತ್ತೇನೆ. ನಿವೃತ್ತಿಯಾಗುವ ಮೊದಲಿನ ಒಂದು ವರ್ಷ, ಒಂದು ಊರಿನಲ್ಲಿ ಸೋಲಾರ್ ತರಬೇತಿಗೆ ನನ್ನನ್ನು ಪಾಠಕ್ಕೆ ಕರೆದಿದ್ದರು. ಬ್ಯಾನರು, ಹಾರ, ಊಟ, ಎಲ್ಲ ಚೆನ್ನಾಗಿಯೇ ಆಯಿತು. ಇಪ್ಪತ್ತಾರು ಹುಡುಗರು ಕಲಿತರು. ಬುದ್ಧಿವಂತ ಹುಡುಗರು. ಸರ್ಟಿಫಿಕೇಟು ಕೈಗೆ ಬಂದ ಆರು ತಿಂಗಳಿಗೆ ವಿಚಾರಿಸಿದರೆ ಇಪ್ಪತ್ತಮೂರು ಮಂದಿ ಪೀಣ್ಯದಲ್ಲಿ, ದಾಬಸ್‌ಪೇಟೆಯಲ್ಲಿ, ಯಾವುದೋ ಗೋಡೌನಿನಲ್ಲಿ. ಅವರ ತಪ್ಪಲ್ಲ ಅದು. ಊರಿನಲ್ಲಿ ಅವರನ್ನು ಕೆಲಸಕ್ಕೆ ಕರೆಯುವವರೇ ಇರಲಿಲ್ಲ. ಅದೇ ಊರ ಮುಂದಿನ ಸೋಲಾರ್ ಬೀದಿದೀಪ ಬ್ಯಾಟರಿ ಸತ್ತು ಎರಡು ವರ್ಷ ಹಾಗೇ ನಿಂತಿತ್ತು. ಕಂಬಕ್ಕೆ ಎಮ್ಮೆ ಕಟ್ಟುತ್ತಿದ್ದರು. ಕಲಿತವರು ಒಂದು ಕಡೆ, ಕೆಟ್ಟ ದೀಪ ಒಂದು ಕಡೆ. ಎರಡನ್ನೂ ಕೂಡಿಸುವವರು ಯಾರೂ ಇರಲಿಲ್ಲ. ನಾನೂ ಪಾಠ ಮುಗಿಸಿ ಗೌರವಧನ ತೆಗೆದುಕೊಂಡು ಬಂದವನೇ. ಆ ಕೊರಗು ಈಗಲೂ ಇದೆ.

ಆದ್ದರಿಂದ ನೀನು ತಿರುಗುಮುರುಗಾಗಿ ಶುರುಮಾಡು. ಮೊದಲು ಕೆಲಸ, ಆಮೇಲೆ ತರಬೇತಿ.

ಒಂದು ನೋಟ್‌ಬುಕ್ ಹಿಡಿದು ಹೋಬಳಿ ಸುತ್ತು. ಎಷ್ಟು ಮನೆಯ ಮೇಲೆ ಸೋಲಾರ್ ವಾಟರ್ ಹೀಟರಿದೆ, ಎಷ್ಟು ಕೆಟ್ಟಿವೆ? ಎಷ್ಟು ಬೀದಿದೀಪ ಉರಿಯುತ್ತಿಲ್ಲ? ಯಾವ ಶಾಲೆಯಲ್ಲಿ, ಯಾವ ಆಸ್ಪತ್ರೆಯಲ್ಲಿ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ದಿನವಾಯಿತು? ಹಾಲಿನ ಡೇರಿಯಲ್ಲಿ ಕರೆಂಟು ಹೋದರೆ ಫ್ಯಾಟು ನೋಡುವ ಮಿಷನ್ನಿಗೆ ಏನು ಗತಿ? ಯಾವ ತೋಟದ ಸೋಲಾರ್ ಪಂಪ್‌ಸೆಟ್ಟಿನ ಕಂಟ್ರೋಲರು ರಿಪೇರಿಗೆ ಅಂತ ಕಳಿಸಿ ವಾಪಸ್ಸೇ ಬಂದಿಲ್ಲ? ಜೊತೆಗೆ ಈಗ ಹೊಸದೊಂದು ಸೇರಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸೂರ್ಯಘರ್ ಯೋಜನೆ ತಂದಿತು. ಒಂದು ಕೋಟಿ ಮನೆಯ ಮಾಳಿಗೆಗೆ ಸೋಲಾರ್ ಹಾಕಿಸುವ ಗುರಿ. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ. ಜಿಲ್ಲೆಗೊಂದು ಮಾದರಿ ಸೌರ ಗ್ರಾಮಕ್ಕೆ ಒಂದು ಕೋಟಿ ರೂಪಾಯಿಯ ಅನುದಾನವೂ ಅದರಲ್ಲೇ ಇದೆ. ಹಾಕಲು ಬೆಂಗಳೂರಿನ ಕಂಪನಿ ಬರುತ್ತದೆ, ಹಾಕಿ ಹೋಗುತ್ತದೆ. ಪ್ಲೇಟು ಇಪ್ಪತ್ತೈದು ವರ್ಷ ಬಾಳುತ್ತದೆ ಅನ್ನುತ್ತಾರಲ್ಲ, ಆ ಇಪ್ಪತ್ತೈದು ವರ್ಷ ನೋಡಿಕೊಳ್ಳುವವರು ಯಾರು? ಜೀವನೋಪಾಯ ಇರುವುದು ಅಲ್ಲಿ. ಕೂರಿಸುವ ಕೆಲಸ ಎರಡು ದಿನದ್ದು. ಕಾಪಾಡುವ ಕೆಲಸ ಒಂದು ತಲೆಮಾರಿನದ್ದು.

ಆ ನೋಟ್‌ಬುಕ್ ತುಂಬಿದ ಮೇಲೆ ಡೇರಿ ಕಾರ್ಯದರ್ಶಿ, ಪಿಡಿಒ, ಹೆಡ್‌ಮಾಸ್ಟರು, ಸಹಕಾರ ಸಂಘದ ಅಧ್ಯಕ್ಷರು, ಇವರ ಮುಂದೆ ಇಡು. ವರ್ಷಕ್ಕಿಷ್ಟು ಅಂತ ಕೊಡಿ, ನಿಮ್ಮ ಊರಿನವರೇ ನೋಡಿಕೊಳ್ಳುತ್ತಾರೆ, ಕರೆದ ದಿನವೇ ಬರುತ್ತಾರೆ ಅನ್ನು. ಬಾಯಿಮಾತಿನ ಒಪ್ಪಿಗೆ ಬೇಡ. ಪಂಚಾಯ್ತಿಯಾದರೆ ನಡಾವಳಿ ಪುಸ್ತಕದಲ್ಲಿ ಬರೆಸು. ಅಂಥ ಹತ್ತು ಒಪ್ಪಿಗೆ ಕೈಯಲ್ಲಿದ್ದರೆ ಎಷ್ಟು ಜನಕ್ಕೆ ಕಲಿಸಬೇಕು ಅನ್ನುವ ಲೆಕ್ಕ ತಾನೇ ಸಿಗುತ್ತದೆ. ಆರು ಜನಕ್ಕೆ ಕೆಲಸವಿದ್ದರೆ ಆರೇ ಜನಕ್ಕೆ ಕಲಿಸು. ಹಾಲ್ ತುಂಬಲಿಲ್ಲ ಅಂತ ಬೇಸರ ಪಡಬೇಡ.

ಊರನ್ನು ಕೂಡಿಸಿಕೊಂಡು ಮಾಡುವುದು ಅಂದರೆ ಏನು ಅಂತ ನಾನು ತಿಳಿದದ್ದು ನಮ್ಮ ಜಿಲ್ಲೆಯಿಂದಲೇ. ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಕಟ್ಟಿದ್ದರು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅವರು ಪುರದಲ್ಲಿ ಇಡೀ ಊರಿಗೊಂದು ಗೋಬರ್ ಗ್ಯಾಸ್ ಸ್ಥಾವರ ಮಾಡಿದರು. ಮೊದಲು ಅಡುಗೆಗೆ ಗ್ಯಾಸ್ ಕೊಡಬೇಕು ಅಂತ ಅವರ ಲೆಕ್ಕ. ಊರಿನ ಸಗಣಿಯಿಂದ ಎಲ್ಲರ ಅಡುಗೆಗಾಗುವಷ್ಟು ಗ್ಯಾಸ್ ಬರಲಿಲ್ಲ, ಅದು ಕೈಗೂಡಲಿಲ್ಲ. ಅಲ್ಲಿಗೆ ಗಂಟುಮೂಟೆ ಕಟ್ಟಲಿಲ್ಲ ನೋಡು ಅವರು. ನಿಮಗೆ ನಿಜವಾಗಿ ಬೇಕಾದದ್ದೇನು ಅಂತ ಊರವರನ್ನು ಕೇಳಿದರು. ಕುಡಿಯುವ ನೀರು ಅಂದರು ಜನ. ಆ ಗ್ಯಾಸಿನಿಂದ ಇಂಜಿನ್ ಓಡಿಸಿ, ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಕೊಟ್ಟರು, ಮನೆಗೆ ದೀಪ ಕೊಟ್ಟರು. ಅದು 1987ರ ಸುಮಾರಿಗೆ. ಸ್ಥಾವರ ನಡೆಸುವ ಕೆಲಸ ಊರಿನ ಇಬ್ಬರು ಹುಡುಗರದ್ದು. ಮೇಲ್ವಿಚಾರಣೆ ಊರಿನ ಗ್ರಾಮ ವಿಕಾಸ ಸಭೆಯದ್ದು. ಸಗಣಿ ತಂದು ಹಾಕಿದವರಿಗೆ ತೂಕಕ್ಕೆ ತಕ್ಕ ಹಾಗೆ ಪೈಸೆ ಲೆಕ್ಕದಲ್ಲಿ ಹಣ ಕೊಡುತ್ತಿದ್ದರು, ಗ್ಯಾಸ್ ತೆಗೆದ ಬಗ್ಗಡವನ್ನು ಗೊಬ್ಬರಕ್ಕೆ ಅಂತ ಹಿಂದಕ್ಕೆ ಕೊಡುತ್ತಿದ್ದರು. ಸಗಣಿ ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಹಾಗಾಗಿ ಆ ಚಿಲ್ಲರೆ ಅವರ ಕೈಗೇ ಬಂತು. ಆ ಸ್ಥಾವರದ ಕಾಲ ಮುಗಿಯಿತು. ಆದರೆ ಅದು ನಡೆದಷ್ಟು ವರ್ಷ ಮಿಷನ್ನು ನಡೆಸಿದ್ದು ಊರೇ. ನನ್ನ ಮಟ್ಟಿಗೆ, ಹಳ್ಳಿಗಳ ಇಂಧನದ ವಿಚಾರದಲ್ಲಿ ನಮ್ಮ ನಾಡಿನಲ್ಲಿ ಆದ ದೊಡ್ಡ ಪಾಠಗಳಲ್ಲಿ ಅದೊಂದು. ನಮ್ಮ ಜಿಲ್ಲೆಯವರಿಗೇ ಅದು ಮರೆತುಹೋಗಿದೆ ಅನ್ನುವುದು ನನಗೆ ನೋವು.

ಇನ್ನು ಯಾರಿಗೆ ಕಲಿಸಬೇಕು? ಇಲ್ಲಿ ನೀನು ಗಟ್ಟಿಯಾಗಿ ನಿಲ್ಲಬೇಕು ತಾಯಿ, ಏಕೆಂದರೆ ಒತ್ತಡ ಬರುವುದು ಇಲ್ಲೇ. ಪಂಚಾಯ್ತಿ ಮೆಂಬರು ತಮ್ಮ ಅಣ್ಣನ ಮಗನನ್ನು ಕಳಿಸುತ್ತಾರೆ. ಎಸ್ಸೆಸ್ಸೆಲ್ಸಿ ಆಗಿರಬೇಕು, ಐಟಿಐ ಆಗಿರಬೇಕು ಅನ್ನುತ್ತಾರೆ. 2015ರಿಂದ ನಡೆಯುತ್ತಿರುವ ಸೂರ್ಯಮಿತ್ರ ತರಬೇತಿ ಇದೆಯಲ್ಲ, ಅದು ಒಳ್ಳೆಯದೇ. ಆರುನೂರು ಗಂಟೆಯ ಪಾಠ, ಊಟ ವಸತಿ ಉಚಿತ. ನಿನ್ನಂಥ ಐಟಿಐ ಮುಗಿಸಿದವರಿಗೆ ಹೇಳಿ ಮಾಡಿಸಿದ್ದು. ಆದರೆ ಎರಡು ಮಕ್ಕಳ ತಾಯಿ ಮನೆ, ಹಸು, ಅತ್ತೆ ಎಲ್ಲ ಬಿಟ್ಟು ಮೂರು ತಿಂಗಳು ಹಾಸ್ಟೆಲಿನಲ್ಲಿ ಇರಲು ಆಗುತ್ತದೆಯೇ? ಕಾಗದದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿದೆ, ಹೊಸಿಲು ಮಾತ್ರ ಎತ್ತರ. 2019ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯೂ ದೆಹಲಿಯ ಸಿಇಇಡಬ್ಲ್ಯು ಸಂಸ್ಥೆಯೂ ಸೇರಿ ಒಂದು ಅಧ್ಯಯನ ಮಾಡಿದವು. ನಮ್ಮ ದೇಶದಲ್ಲಿ ಮಾಳಿಗೆ ಸೋಲಾರ್ ಕೆಲಸ ಮಾಡುವವರಲ್ಲಿ ಹೆಂಗಸರು ನೂರಕ್ಕೆ ಹನ್ನೊಂದು. ಜಗತ್ತಿನ ಒಟ್ಟು ನವೀಕರಿಸುವ ಇಂಧನ ಕ್ಷೇತ್ರದಲ್ಲಿ ಅದು ಮೂವತ್ತೆರಡು.

ರಾಜಸ್ಥಾನದ ತಿಲೋನಿಯಾ ಅನ್ನುವ ಹಳ್ಳಿಯಲ್ಲಿ 1972ರಲ್ಲಿ ಬಂಕರ್ ರಾಯ್ ಶುರುಮಾಡಿದ ಬೇರ್‌ಫುಟ್ ಕಾಲೇಜಿನ ಬಗ್ಗೆ ಕ್ಲಾಸಿನಲ್ಲಿ ಹೇಳಿದ್ದು ನೆನಪಿದೆಯೇ? ಅಲ್ಲಿ ಓದು ಬರಹ ಬಾರದ ಅಜ್ಜಿಯರಿಗೆ ಆರು ತಿಂಗಳಲ್ಲಿ ಸೋಲಾರ್ ಕಲಿಸುತ್ತಾರೆ. ಆಫ್ರಿಕಾದ ಹಳ್ಳಿಗಳಿಂದಲೂ ಹೆಂಗಸರು ಬಂದು ಕಲಿತು ಹೋಗಿದ್ದಾರೆ. ಭಾಷೆ ಬಾರದು, ಅಕ್ಷರ ಬಾರದು. ಬಣ್ಣ ತೋರಿಸಿ, ಕೈಸನ್ನೆ ಮಾಡಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಿ ಕಲಿಸುತ್ತಾರೆ. ಅಜ್ಜಿಯರೇ ಏಕೆ? ಸರ್ಟಿಫಿಕೇಟು ಸಿಕ್ಕ ಹುಡುಗ ಪಟ್ಟಣದ ಬಸ್ಸು ಹತ್ತುತ್ತಾನೆ, ಅಜ್ಜಿ ಊರು ಬಿಡುವುದಿಲ್ಲ ಅಂತ ಬಂಕರ್ ರಾಯ್ ನೇರವಾಗಿಯೇ ಹೇಳುತ್ತಾರೆ. ನನ್ನ ಇಪ್ಪತ್ತಮೂರು ಹುಡುಗರನ್ನು ನೆನೆದು ನಾನು ಆ ಮಾತಿಗೆ ಹೂಂಗುಟ್ಟಿದೆ.

ನಿನ್ನ ಪಟ್ಟಿ ಮಾಡುವಾಗ ಪಾರ್ಕಿನಲ್ಲಿ ಪ್ಲೇಟು ತೊಳೆಯುವವರನ್ನು ಮೊದಲು ಕೇಳು. ಗುತ್ತಿಗೆಯ ಬಾಡಿಗೆ ಬಾರದ ಮನೆಗಳವರನ್ನು ಕೇಳು. ಕಾಲು ಸ್ವಾಧೀನವಿಲ್ಲದವರು ಮಾಳಿಗೆ ಹತ್ತಲಾರರು, ಆದರೆ ಇನ್ವರ್ಟರ್ ಬೋರ್ಡು, ಚಾರ್ಜ್ ಕಂಟ್ರೋಲರು, ಲಾಂದ್ರದ ರಿಪೇರಿ ಕೂತು ಮಾಡುವ ಕೆಲಸ. ಬೆಸುಗೆ ಹಾಕುವುದಕ್ಕೆ ಹೂ ಕಟ್ಟಿದ ಬೆರಳಿಗಿಂತ ಒಳ್ಳೆಯ ಬೆರಳು ನಾನು ಕಂಡಿಲ್ಲ. ನಿಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಎರಡರಲ್ಲೂ ಪಾಠ ಮಾಡು. ಕಂಪನಿಯ ಪುಸ್ತಕ ಇಂಗ್ಲಿಷಿನಲ್ಲಿದೆ ಅಂತ ಕೈಚೆಲ್ಲಬೇಡ. ಇನ್ವರ್ಟರಿನ ಪರದೆಯಲ್ಲಿ ಬರುವ ತಪ್ಪಿನ ನಂಬರುಗಳನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ ಏನು ಮಾಡಬೇಕು ಅನ್ನುವುದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸು. ಅದೊಂದು ಹಾಳೆ ನನ್ನ ಹತ್ತು ಪಾಠಕ್ಕೆ ಸಮ.

ಒಂದು ಸೂಕ್ಷ್ಮವಾದ ವಿಷಯ ಇದೆ, ಮುಚ್ಚಿಡದೆ ಹೇಳಬೇಕು. ವಾಟರ್ ಹೀಟರಿನ ಪೈಪು ಬಚ್ಚಲಿಗೆ ಹೋಗುತ್ತದೆ, ಇನ್ವರ್ಟರು ಕೆಲವರ ಮನೆಯಲ್ಲಿ ನಡುಮನೆಯಲ್ಲೇ ಇರುತ್ತದೆ. ಕೆಲಸಕ್ಕೆ ಬಂದ ಹೆಣ್ಣುಮಗಳು ಯಾವ ಕೇರಿಯವಳು ಅಂತ ಕೇಳಿ, ಹೊರಗೇ ನಿಲ್ಲು ಅನ್ನುವ ಮನೆಗಳು ಇನ್ನೂ ಇವೆ. ನನ್ನ ವಿದ್ಯಾರ್ಥಿಯೊಬ್ಬ ಇದೇ ಕಾರಣಕ್ಕೆ ಟ್ರೇಡೇ ಬಿಟ್ಟ. ಒಳ್ಳೆಯ ಕೈ ಅವನದು. ಆ ಒಬ್ಬನನ್ನು ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಅನ್ನುವುದು ನನಗೆ ಇವತ್ತಿಗೂ ಕಣ್ಣಲ್ಲಿ ನೀರು ತರುವ ಸಂಗತಿ. ನೀನು ಇದನ್ನು ಒಬ್ಬೊಬ್ಬರ ಹಣೆಬರಹಕ್ಕೆ ಬಿಡಬೇಡ. ಕಲಿತವರನ್ನೆಲ್ಲ ಸೇರಿಸಿ ಒಂದು ಸಂಘ ಮಾಡು. ಆ ಸಂಘದ ಕಡೆಯಿಂದ ಯಾರು ಬರುತ್ತಾರೋ ಅವರನ್ನು ಒಳಗೆ ಬಿಡುವ ಮನೆಗೆ ಮಾತ್ರ ಕೆಲಸ ಅಂತ ಒಪ್ಪಿಗೆ ಪತ್ರದಲ್ಲೇ ಬರೆ. ಇಬ್ಬಿಬ್ಬರನ್ನು ಜೋಡಿಯಾಗಿ ಕಳಿಸು, ಬೇರೆ ಬೇರೆ ಕೇರಿಯ ಜೋಡಿ. ಮೊದಲ ವರ್ಷ ನಾಲ್ಕು ಮನೆಯವರು ಮುಖ ತಿರುಗಿಸುತ್ತಾರೆ. ಬಚ್ಚಲಲ್ಲಿ ಬಿಸಿನೀರು ನಿಂತ ದಿನ ಕರೆಯುತ್ತಾರೆ.

ಹೆಂಗಸರು ಬರಬೇಕು ಅಂದರೆ ಸಣ್ಣ ಸಣ್ಣ ಏರ್ಪಾಡುಗಳೇ ದೊಡ್ಡವು. ತರಬೇತಿಯ ಹೊತ್ತು ಬೆಳಗಿನ ಹಾಲು ಹಾಕಿದ ಮೇಲೆ ಶುರುವಾಗಿ ಮಧ್ಯಾಹ್ನದ ಹಾಲಿಗೆ ಮುಂಚೆ ಮುಗಿಯಲಿ. ಪಂಚಾಯ್ತಿಯ ಕೂಸಿನ ಮನೆ ಇದ್ದರೆ ಅಲ್ಲಿ ಮಕ್ಕಳನ್ನು ಬಿಡಲು ಮಾತಾಡು. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಉಚಿತವಾಗಿರುವುದರಿಂದ ಪಕ್ಕದ ಊರಿನವರೂ ಬರಬಹುದು. ಪಾಠಕ್ಕೆ ಬಂದ ದಿನ ಕೂಲಿ ಹೋಗುತ್ತದೆ, ಅದಕ್ಕೆ ದಿನಭತ್ಯೆ ಕೊಡಲೇಬೇಕು. ಅದಿಲ್ಲದೆ ಬಡವರು ಬರುವುದಿಲ್ಲ, ಬಂದವರು ಬಡವರಾಗಿರುವುದಿಲ್ಲ. ಸೊಂಟದ ಬೆಲ್ಟು ಗಂಡಸರ ಅಳತೆಯದ್ದು ತರಬೇಡ. ಸೀರೆ ಉಟ್ಟು ಏಣಿ ಹತ್ತುವಂತಿಲ್ಲ, ಅದನ್ನು ಮೊದಲ ದಿನವೇ ಅತ್ತೆಯರನ್ನೂ ಕೂರಿಸಿಕೊಂಡು ಹೇಳು. ಅತ್ತೆ ಒಪ್ಪಿದರೆ ಮುಕ್ಕಾಲು ಕೆಲಸ ಮುಗಿಯಿತು.

ಕಲಿಸುವಾಗ ಒಂದೇ ಒಂದು ವಿಷಯದಲ್ಲಿ ರಿಯಾಯಿತಿ ಬೇಡ. ಸುರಕ್ಷತೆ. ನಾವು ಮನೆಯ ವೈರಿಂಗ್ ಕಲಿತವರು ಎಸಿ ಕರೆಂಟಿಗೆ ಹೊಂದಿಕೊಂಡಿರುತ್ತೇವೆ. ಸೋಲಾರ್ ಪ್ಲೇಟಿನದ್ದು ಡಿಸಿ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ, ಹಾಗಾಗಿ ಕಿಡಿ ಹತ್ತಿದರೂ ಆರುವುದಕ್ಕೆ ಒಂದು ಅವಕಾಶವಿದೆ. ಡಿಸಿಯಲ್ಲಿ ಅದಿಲ್ಲ. ಒಮ್ಮೆ ಹತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ, ತಾಮ್ರವನ್ನೂ ಕರಗಿಸುತ್ತದೆ. ಒಂದು ಪ್ಲೇಟು ನಲವತ್ತು ಐವತ್ತು ವೋಲ್ಟು ಅಷ್ಟೇ, ಆದರೆ ಇಪ್ಪತ್ತು ಪ್ಲೇಟು ಸಾಲಾಗಿ ಸೇರಿದರೆ ಸಾವಿರ ವೋಲ್ಟಿನ ಹತ್ತಿರ ಹೋಗುತ್ತದೆ. ಮೇನ್ ಸ್ವಿಚ್ಚು ಇಳಿಸಿದರೂ ಬಿಸಿಲಿರುವಷ್ಟು ಹೊತ್ತು ಪ್ಲೇಟು ಆಫ್ ಆಗುವುದಿಲ್ಲ, ಸೂರ್ಯನಿಗೆ ಸ್ವಿಚ್ಚಿಲ್ಲ. ಕರೆಂಟು ಹರಿಯುತ್ತಿರುವಾಗ ಕನೆಕ್ಟರನ್ನು ಎಳೆದು ಬಿಡಿಸಬಾರದು. ಇದನ್ನು ದಿನವೂ ಪ್ರಾರ್ಥನೆಯಂತೆ ಹೇಳಿಸು. ಕನೆಕ್ಟರ್ ಹಾಕುವಾಗ ಇಕ್ಕಳದಲ್ಲಿ ಒತ್ತುವ ಚಾಳಿ ಬೇಡ. ಕ್ರಿಂಪಿಂಗ್ ಟೂಲ್ ದುಬಾರಿ ನಿಜ, ಒಂದೇ ಇದ್ದರೂ ಸರದಿಯ ಮೇಲೆ ಬಳಸಲಿ. ಸಡಿಲ ಜೋಡಣೆಯಿಂದ ಬೆಂಕಿ ಬಿದ್ದರೆ ಸುಡುವುದು ಒಂದು ಮನೆ ಮಾತ್ರವಲ್ಲ, ನಿನ್ನ ಸಂಘದ ಹೆಸರೂ. ಅರ್ಥಿಂಗ್ ಇಲ್ಲದ ಮಾಳಿಗೆಗೆ ಕೈ ಹಾಕಬೇಡಿ. ಸಮಯ ಸಿಕ್ಕಾಗ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳಲು ಒಬ್ಬಿಬ್ಬರನ್ನಾದರೂ ತಯಾರು ಮಾಡು. ಪರ್ಮಿಟ್ ಇದ್ದರೆ ಬೆಸ್ಕಾಂ ಸೆಕ್ಷನ್ ಆಫೀಸರು ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೆ.

ದುಡ್ಡಿನ ಮಾತು. ಪಾರ್ಕಿನ ಕಂಪನಿಗಳ ಬಳಿ ಸಿಎಸ್‌ಆರ್ ಹಣವಿದೆ, ಕೇಳುವುದರಲ್ಲಿ ತಪ್ಪಿಲ್ಲ. ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಾಯ್ದೆಯೇ ದೊಡ್ಡ ಕಂಪನಿಗಳಿಗೆ ಹೇಳಿದೆ. ಆದರೆ ಕಟ್ಟಡ, ಬೋರ್ಡು, ಟೀ ಶರ್ಟು ಕೊಡುತ್ತೇವೆ ಅಂದರೆ ಕೈಮುಗಿದು ಬೇಡ ಅನ್ನು. ನೀನು ಕೇಳಬೇಕಾದದ್ದು ಎರಡೇ. ತರಬೇತಿಯ ಕೊನೆಯ ತಿಂಗಳು ನಿಮ್ಮ ಪ್ಲಾಂಟಿನೊಳಗೆ ನಿಮ್ಮ ಇಂಜಿನಿಯರುಗಳ ಕೈಕೆಳಗೆ ಕೆಲಸ ಮಾಡಲು ಬಿಡಿ ಅನ್ನುವುದು ಒಂದು. ಖಾಲಿಯಾದ ಟೆಕ್ನಿಷಿಯನ್ ಹುದ್ದೆಗೆ ಮೊದಲು ಈ ಐದೂರಿನವರನ್ನು ನೋಡುತ್ತೇವೆ ಅಂತ ಬರೆದುಕೊಡಿ ಅನ್ನುವುದು ಇನ್ನೊಂದು. ಉಳಿದ ಬಂಡವಾಳಕ್ಕೆ ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟ, ಬ್ಯಾಂಕು ಇವೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಶುರುಮಾಡಿದರು. ಆ ಮಾದರಿಯನ್ನೇ ಮುಂದೆ ಕೇಂದ್ರ ಸರ್ಕಾರ ದೇಶದ ಜಿಲ್ಲೆಜಿಲ್ಲೆಗೂ ತಂದಿತು. ಅವರ ಗುಟ್ಟು ಇಷ್ಟೇ. ತರಬೇತಿ ಕೆಲವೇ ವಾರ, ಆದರೆ ಕಲಿತವರ ಬೆನ್ನಿಗೆ ಎರಡು ವರ್ಷ ನಿಲ್ಲುತ್ತಾರೆ. ಸಾಲ ಸಿಕ್ಕಿತೇ, ಅಂಗಡಿ ನಡೆಯುತ್ತಿದೆಯೇ ಅಂತ ವಿಚಾರಿಸುತ್ತಾರೆ. ನೀನೂ ಹಾಗೆ ಮಾಡು. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಕಟ್ಟಿದಾಗಲೂ ಬಡವರಿಗೆ ಪುಕ್ಕಟೆ ದೀಪ ಹಂಚಲಿಲ್ಲ. ಬ್ಯಾಂಕಿನಿಂದ ಕಂತಿನ ಸಾಲ ಕೊಡಿಸಿದರು, ಕೆಟ್ಟರೆ ರಿಪೇರಿಗೆ ಹತ್ತಿರದಲ್ಲೇ ಜನರನ್ನಿಟ್ಟರು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಮ್ಮ ಐಟಿಐಯಲ್ಲಿ ಸಿಹಿ ಹಂಚಿದ್ದೆವು. ದುಡ್ಡು ಕೊಟ್ಟು ಕೊಂಡ ದೀಪವನ್ನು ಜನ ಜೋಪಾನ ಮಾಡುತ್ತಾರೆ, ಕೆಟ್ಟರೆ ಬೈದಾದರೂ ಸರಿಮಾಡಿಸುತ್ತಾರೆ. ಬೈಸಿಕೊಳ್ಳಲು ಹತ್ತಿರದಲ್ಲಿ ಒಬ್ಬರು ಇರಬೇಕು ಅಷ್ಟೆ. ಆ ಒಬ್ಬರು ನಿನ್ನ ಸಂಘದವರಾಗಲಿ.

ಮೀಟರು, ಮೆಗ್ಗರು, ಏಣಿ, ಬೆಲ್ಟು ಇವೆಲ್ಲ ಸಂಘದ ಆಸ್ತಿಯಾಗಲಿ, ಯಾರ ಮನೆಯ ಅಟ್ಟಕ್ಕೂ ಹೋಗದಿರಲಿ. ಲೆಕ್ಕದ ಪುಸ್ತಕ ಗ್ರಾಮಸಭೆಯಲ್ಲಿ ಓದು. ಗ್ರಾಮಸಭೆಗೆ ಯಾರು ಬರುತ್ತಾರೆ ಅನ್ನಬೇಡ. ನಾಲ್ಕೇ ಜನ ಇದ್ದರೂ ಓದು.

ಒಂದು ವರ್ಷದಲ್ಲಿ ಆರು ಜನ ಹೆಣ್ಣುಮಕ್ಕಳು ತಿಂಗಳ ಸಂಬಳ ನೋಡಿದರೆ ಸಾಕು ಮಗಳೇ. ಮಾರನೆಯ ವರ್ಷ ನೀನು ಕರೆಯದೆಯೂ ಜನ ಬರುತ್ತಾರೆ. ನನ್ನ ಹಳೆಯ ಮೆಗ್ಗರು ಇನ್ನೂ ಚೆನ್ನಾಗಿದೆ, ಕೈಯಲ್ಲಿ ತಿರುಗಿಸುವುದು. ಎರಡು ಟಾಂಗ್ ಟೆಸ್ಟರೂ ಇವೆ. ಮೂರನ್ನೂ ಒರೆಸಿಟ್ಟಿದ್ದೇನೆ. ಮುಂದಿನ ಸೋಮವಾರ ಬಂದು ತೆಗೆದುಕೊಂಡು ಹೋಗು. ಬರುವ ಮುಂಚೆ ತಿರುಮಣಿ ಕಡೆ ಹೋಗಿ, ಬೆಳಗ್ಗೆ ಆರಕ್ಕೆ ಪ್ಲೇಟು ತೊಳೆಯಲು ಬರುವವರ ಜೊತೆ ಒಂದು ಗಂಟೆ ಕೂತು ಮಾತಾಡಿ ಬಾ. ನಿನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರ ಹೆಸರಿರಲಿ.